ನಿಮಗಿದು ಗೊತ್ತೆ? ಕೊನೆಯ ಅಧ್ಯಾಯವೇ ಮೊದಲು!
ಅಮೆರಿಕದ ಅಂತರ್ಯುದ್ಧದ (1861–65) ಕಥೆ ಹೇಳುವ ‘ಗಾನ್ ವಿತ್ ದ ವಿಂಡ್’ ಕಾದಂಬರಿಯನ್ನು ಮಾರ್ಗರೆಟ್ ಮಿಚೆಲ್ ಬರೆಯತೊಡಗಿದ್ದು, ಕಾಲುನೋವಿನಿಂದ ಮನೆಯಲ್ಲೇ ಕೂರಬೇಕಾಗಿ ಬಂದಾಗ. ಮೊದಲು ಬರೆದದ್ದು ಕೊನೆಯ ಅಧ್ಯಾಯ! ಬರೆದ ಅಧ್ಯಾಯಗಳನ್ನು ದೊಡ್ಡ ಲಕೋಟೆಗಳಲ್ಲಿ ತುಂಬಿಡುತ್ತಿದ್ದರು. 1935ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನದ ಹೆರಾಲ್ಡ್ ಲೇಥಮ್ ಅಟ್ಲಾಂಟಾಕ್ಕೆ ಬಂದಾಗ ಆ ರಾಶಿಯನ್ನೇ ಕೊಟ್ಟರು. ಅದನ್ನು ಒಯ್ಯಲು ಆತ ಹೊಸ ಸೂಟ್‌ಕೇಸನ್ನೇ ಕೊಳ್ಳಬೇಕಾಯಿತು. ನಾಯಕಿ ಸ್ಕಾರ್ಲೆಟ್‌ಗೆ ಆಗಿನ್ನೂ ಪ್ಯಾನ್ಸಿ ಎಂಬ ಹೆಸರು. ಪ್ರಕಟಣೆ 1936ರಲ್ಲಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ. ಗುಲಾಮಗಿರಿಯ ಕ್ರೌರ್ಯವನ್ನು ಮರೆಮಾಚಿದ ದೊಡ್ಡ ದೋಷ ಈ ಕೃತಿಯಲ್ಲಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಇದೇ ಲೇಖಕಿ 1940ರ ದಶಕದಲ್ಲಿ ಮೋರ್‌ಹೌಸ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳ ವೈದ್ಯಕೀಯ ಓದಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರು.