ಬಣ್ಣದ ನೀರಿಗೆ ಅಳಂಬೆಯ ಮದ್ದು

ಮಳೆಗಾಲದಲ್ಲಿ ಕೊಳೆತ ಮರದ ದಿಮ್ಮಿಯ ಮೇಲೆ ಏಳುವ ಅಳಂಬೆಯನ್ನು ಕಾಣದವರು ನಮ್ಮ ಕಡೆ ಇಲ್ಲ. ಮರವನ್ನು ತಿಂದು ಮಣ್ಣಾಗಿಸುವ ಈ ಶಿಲೀಂಧ್ರಗಳಲ್ಲಿ ಕೆಲವು ಬಟ್ಟೆಗೆ ಹಾಕುವ ಬಣ್ಣವನ್ನೂ ಒಡೆಯಬಲ್ಲವು ಎಂಬುದು ಅಷ್ಟಾಗಿ ತಿಳಿಯದ ಸಂಗತಿ. ನಮ್ಮಂತೆಯೇ ನೆರೆರಾಜ್ಯದಲ್ಲಿ ಉಳಿದ ಕನ್ನಡಿಗರು ಬಾಳುವ ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳಂಥ ಒಣಸೀಮೆಗೆ ಇದು ಮುಖ್ಯವಾದ ಮಾತು.

ಹಿಂದೂಪುರ ಬೆಲ್ಲ, ಹುಣಸೆ, ರೇಷ್ಮೆಗೂಡಿನ ಪೇಟೆ. ಸುತ್ತಲ ಊರುಗಳಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಸುಮಾರು 550 ಮಾತ್ರ. ನಂದಿಬೆಟ್ಟದ ಕಡೆ ಹುಟ್ಟಿ ಬರುವ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಬರಿಯ ಮರಳು. ಕೊಳವೆಬಾವಿಯೇ ಗತಿಯಾದ ಇಂಥ ಕಡೆ ಹಳ್ಳಕ್ಕೆ ಬಿಟ್ಟ ಬಣ್ಣದ ನೀರನ್ನು ತೊಳೆದೊಯ್ಯಲು ಹೊಳೆಯಿಲ್ಲ. ಅದು ನೆಲಕ್ಕೇ ಇಳಿಯಬೇಕು.

ಬಣ್ಣ ಮಾಯವಾದರೆ ಸಾಲದು

1856ರಲ್ಲಿ ಲಂಡನ್ನಿನ ಹದಿನೆಂಟರ ತರುಣ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣವನ್ನು ತಯಾರಿಸಿದ. ಇಂದು ಬಳಕೆಯಲ್ಲಿರುವ ಕೃತಕ ಬಣ್ಣಗಳಲ್ಲಿ ಅರ್ಧಕ್ಕೂ ಹೆಚ್ಚು ‘ಅಜೋ’ ಜಾತಿಯವು. ಎರಡು ನೈಟ್ರೋಜನ್ ಪರಮಾಣುಗಳ ಬಿಗಿಯಾದ ಜೋಡಿಯೇ ಅವುಗಳ ರಂಗು. ಬಿಸಿಲು, ಸಾಬೂನುಗಳಿಗೆ ಜಗ್ಗದಂತೆ ಮಾಡಿದ ಬಣ್ಣ ಚರಂಡಿಯಲ್ಲೂ ಸುಲಭವಾಗಿ ಕರಗಿ ಹೋಗದು.

ಗಾಳಿಯಾಡದ ಕೊಚ್ಚೆಯಲ್ಲಿ ಬ್ಯಾಕ್ಟೀರಿಯಗಳು ಈ ಜೋಡಿಯನ್ನು ಮುರಿಯುತ್ತವೆ. ನೀರು ತಿಳಿಯಾಗಿ ಕಾಣುತ್ತದೆ; ಆದರೆ ಆಗ ಹುಟ್ಟುವ ಅಮೈನುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅಂಥ ವಸ್ತು ಬಿಡುವ ಬಣ್ಣಗಳನ್ನು ಜರ್ಮನಿ 1994ರಲ್ಲಿ, ಭಾರತ 1997ರಲ್ಲಿ ನಿಷೇಧಿಸಿದ್ದು ಈ ಕಾರಣದಿಂದ.

ಶಿಲೀಂಧ್ರದ ದಾರಿ ಬೇರೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಂದೇ ಅಚ್ಚಿನ ವಸ್ತುವಲ್ಲ. ಅದನ್ನು ಒಡೆಯಲು ‘ಬಿಳಿ ಕೊಳೆ’ಯ ಶಿಲೀಂಧ್ರಗಳು ಹೊರಬಿಡುವ ಕಿಣ್ವಗಳು ಇದು ಬೇಕು, ಅದು ಬೇಡ ಎನ್ನುವುದಿಲ್ಲ; ಲಿಗ್ನಿನ್ನನ್ನು ಹೋಲುವ ಬಣ್ಣದ ಅಣುವನ್ನೂ ಆಮ್ಲಜನಕದ ಬಲದಿಂದ ಚೂರು ಮಾಡುತ್ತವೆ. ಫ್ಯಾನೆರೋಕೀಟ್ ಕ್ರೈಸೋಸ್ಪೋರಿಯಂ ಎಂಬ ಶಿಲೀಂಧ್ರದಲ್ಲಿ ಇಂಥ ಕಿಣ್ವವನ್ನು 1983ರಲ್ಲಿ ಅಮೆರಿಕದ ಎರಡು ತಂಡಗಳು ಗುರುತಿಸಿದವು. ನಾವು ಹುಲ್ಲಿನಲ್ಲಿ ಬೆಳೆಸುವ ಚಿಪ್ಪಣಬೆಯೂ ಇದೇ ಗುಂಪಿನದು. ಅಣಬೆ ಕೊಯ್ದ ಮೇಲೆ ಉಳಿಯುವ ಹುಲ್ಲಿನಲ್ಲೂ ಕಿಣ್ವ ಇರುತ್ತದೆ. ಆದರೆ ಬಣ್ಣದ ನೀರು ಸೋಸಿದ ಹುಲ್ಲಿನಲ್ಲಿ ಬೆಳೆದ ಅಣಬೆಯನ್ನು ತಿನ್ನಬಾರದು.

ಗಾಜಿನ ಬುಡ್ಡಿಯಿಂದ ಚರಂಡಿಗೆ

ಪ್ರಯೋಗಶಾಲೆಯಲ್ಲಿ ಆದದ್ದೆಲ್ಲ ಊರಿನಲ್ಲಿ ಆಗುವುದಿಲ್ಲ. ಶಿಲೀಂಧ್ರಕ್ಕೆ ತುಸು ಹುಳಿಯಾದ ನೀರು ಹಿತ. ಹತ್ತಿಗೆ ಬಣ್ಣ ಹಾಕಿದ ನೀರು ಕ್ಷಾರ. ರೇಷ್ಮೆಯದು ಸಾಮಾನ್ಯವಾಗಿ ಹುಳಿ. ಆ ಮಟ್ಟಿಗೆ ರೇಷ್ಮೆಯ ಊರಿಗೆ ಅನುಕೂಲ. ಆದರೂ ಕೆಲಸ ನಿಧಾನ, ಬ್ಯಾಕ್ಟೀರಿಯಗಳ ಪೈಪೋಟಿ ಇದ್ದೇ ಇದೆ, ಮತ್ತು ನೀರಿನಲ್ಲಿರುವ ಉಪ್ಪನ್ನು ಅಣಬೆ ತೆಗೆಯಲಾರದು.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ನೊಯ್ಯಲ್ ನದಿ ಕೆಟ್ಟ ಮೇಲೆ, 2011ರಲ್ಲಿ ಮದ್ರಾಸ್ ಹೈಕೋರ್ಟಿನ ಆಜ್ಞೆಯಂತೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಿಗೆ ಬೀಗ ಬಿತ್ತು. ನದಿಯ ರೈತನೂ ಸೋತ, ಕೂಲಿಯವನೂ ಸೋತ. ದೊಡ್ಡ ಯಂತ್ರ ಕೊಳ್ಳಲಾಗದ ಸಣ್ಣ ಬಣ್ಣಗಾರರು ನಾಲ್ಕಾರು ಮಂದಿ ಸೇರಿ ಒಂದು ತೊಟ್ಟಿ ಕಟ್ಟಿ, ನೀರು ಹಳ್ಳ ಸೇರುವ ಮುನ್ನವೇ ಅಲ್ಲಿ ನಿಲ್ಲಿಸಿದರೆ, ಶಿಲೀಂಧ್ರದ ವಿದ್ಯೆಯನ್ನು ಪರೀಕ್ಷಿಸಲು ಒಂದು ಜಾಗವಾದರೂ ಸಿಕ್ಕೀತು. ಮಗ್ಗ ಉಳಿಯಬೇಕಾದರೆ ಬಾವಿಯೂ ಉಳಿಯಬೇಕು.