ಯಂತ್ರದೊಳಗಣ ಯಂತ್ರ: ಮುಕ್ತ ಕಾರ್ಯವ್ಯವಸ್ಥೆಯೊಂದರ ಪ್ರಥಮ ಸ್ಥಾಪನೆ

೧

ಗಣಕಯಂತ್ರವನ್ನು ದಿನವೂ ಬಳಸುವವರೆಲ್ಲರೂ ಅದನ್ನು ಬಲ್ಲವರೆಂದು ಹೇಳುವಂತಿಲ್ಲ. ಕೊಂಡು ತಂದ ಯಂತ್ರದಲ್ಲಿ ಕಾರ್ಯವ್ಯವಸ್ಥೆಯು, ಎಂದರೆ ಆಪರೇಟಿಂಗ್ ಸಿಸ್ಟಂ, ಸಾಮಾನ್ಯವಾಗಿ ಮೊದಲೇ ನೆಲೆಗೊಂಡಿರುತ್ತದೆ. ಅದು ಯಂತ್ರದ ಯಾವ ಭಾಗವನ್ನು ಆಕ್ರಮಿಸಿಕೊಂಡಿದೆ, ಅದನ್ನು ತೆಗೆದು ಬೇರೊಂದನ್ನು ಇರಿಸಬಹುದೇ ಎಂಬ ಪ್ರಶ್ನೆಗಳು ಬಳಸುವವನಲ್ಲಿ ಹುಟ್ಟುವುದು ವಿರಳ; ಹುಟ್ಟಿದರೂ ಉತ್ತರವನ್ನು ಪ್ರಯೋಗದಿಂದ ಕಂಡುಕೊಳ್ಳುವ ಧೈರ್ಯ ಸಾಲದು.

ಈ ಅಧೈರ್ಯವು ಅಕಾರಣವಾದುದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಯೊಬ್ಬರು ತಮ್ಮ ಏಕೈಕ ಲ್ಯಾಪ್‌ಟಾಪಿನಲ್ಲಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಹೊರಟು, ಸಂಪೂರ್ಣ ಡಿಸ್ಕನ್ನು ಬಳಸಬೇಕೆಂಬ ಸಾಲನ್ನು ಆರಿಸಿ, ಎರಡು ವರ್ಷ ಊರೂರು ತಿರುಗಿ ಸಂಗ್ರಹಿಸಿದ್ದ ಧ್ವನಿಮುದ್ರಣಗಳನ್ನು ಕಳೆದುಕೊಂಡರು. ಆ ಸಾಲಿನ ಅರ್ಥ ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಡಿಸ್ಕು ಎಂದರೆ ಯಾವ ಡಿಸ್ಕು ಎಂಬುದು ತಿಳಿದಿರಲಿಲ್ಲ. ಹೊರಗಿನಿಂದ ಸೇರಿಸಿದ್ದ ಡಿಸ್ಕೆಂದು ಅವರು ಭಾವಿಸಿದ್ದರು. ಯಂತ್ರವು ಹೇಳುತ್ತಿದ್ದುದು ಒಳಗಿನದನ್ನು. ಮುದ್ರಣಗಳಲ್ಲಿ ಕೆಲವಕ್ಕೆ ಮಾತ್ರ ಪ್ರತಿಗಳಿದ್ದುವು. ಮರಳಿ ದೊರೆಯದೆ ಹೋದವುಗಳಲ್ಲಿ, ಅಷ್ಟರೊಳಗೆ ತೀರಿಕೊಂಡಿದ್ದ ಇಬ್ಬರು ವೃದ್ಧರ ಮಾತುಗಳೂ ಇದ್ದುವು.

ಇಂಥ ಹಾನಿಗೆ ಎಡೆಯಿಲ್ಲದ ಸ್ಥಳದಲ್ಲಿ ಮೊದಲ ಪಾಠವನ್ನು ಕಲಿಯುವುದು ಹೇಗೆಂದು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗಾಗಿ ಡೆಬಿಯನ್ ಎಂಬ ಕಾರ್ಯವ್ಯವಸ್ಥೆಯನ್ನೂ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶವನ್ನೂ ಆರಿಸಿಕೊಂಡಿದ್ದೇವೆ. ಮುಂದೆ ಹೇಳುವುದೆಲ್ಲವೂ ಇಂಟೆಲ್ ಅಥವಾ ಎಎಂಡಿ ಸಂಸ್ಕಾರಕವುಳ್ಳ ಯಂತ್ರಗಳಿಗೆ ಅನ್ವಯಿಸತಕ್ಕದ್ದು.

೨

ವರ್ಚುಯಲ್ ಮೆಷಿನ್ ಎಂಬುದನ್ನು ನಾವು ಇಲ್ಲಿ ಕಲ್ಪಿತಯಂತ್ರವೆಂದು ಕರೆಯುತ್ತೇವೆ. ನಿಜಯಂತ್ರದಲ್ಲಿ ನಡೆಯುವ ತಂತ್ರಾಂಶವೊಂದು ಸಂಸ್ಕಾರಕ, ಸ್ಮೃತಿ, ಡಿಸ್ಕು, ತೆರೆ ಇವೆಲ್ಲವುಳ್ಳ ಇನ್ನೊಂದು ಯಂತ್ರವನ್ನು ತನ್ನೊಳಗೆ ಏರ್ಪಡಿಸುತ್ತದೆ. ಅದರಲ್ಲಿ ಸ್ಥಾಪಿತವಾದ ವ್ಯವಸ್ಥೆಯು ನಿಜಯಂತ್ರದಲ್ಲಿರುವಂತೆಯೇ ವರ್ತಿಸುತ್ತದೆ. ಹೊರಗಿನದನ್ನು ಆತಿಥೇಯವೆಂದೂ ಒಳಗಿನದನ್ನು ಅತಿಥಿಯೆಂದೂ ಹೇಳುವುದು ವಾಡಿಕೆ.

ಈ ಕಲ್ಪನೆ ಹೊಸದಲ್ಲ. ೧೯೬೦ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ಇದು ರೂಪುಗೊಂಡಿತು. ಬಹು ಬೆಲೆಯ ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುತ್ತಿದ್ದರೂ, ಪ್ರತಿಯೊಬ್ಬನಿಗೂ ಒಂದೊಂದು ಪೂರ್ಣ ಯಂತ್ರವೇ ದೊರೆತಂತೆ ತೋರಬೇಕೆಂಬುದು ಅಲ್ಲಿನವರ ಉದ್ದೇಶವಾಗಿದ್ದಿತು. ೧೯೭೪ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬುವರು ಇಂಥ ಏರ್ಪಾಟಿಗೆ ಮೂರು ಲಕ್ಷಣಗಳನ್ನು ಹೇಳಿದರು. ಒಳಗೆ ನಡೆಯುವ ಕಾರ್ಯಕ್ರಮವು ನಿಜಯಂತ್ರದಲ್ಲಿ ನಡೆದಂತೆಯೇ ನಡೆಯಬೇಕು; ಆದೇಶಗಳಲ್ಲಿ ಬಹುಪಾಲು ನೇರವಾಗಿ ಸಂಸ್ಕಾರಕದಲ್ಲಿಯೇ ನೆರವೇರಬೇಕು; ಸಂಪನ್ಮೂಲಗಳ ಮೇಲಣ ಹಿಡಿತವು ಎಂದಿಗೂ ಹೊರಗಿನ ನಿಯಾಮಕನ ಕೈಯಲ್ಲಿಯೇ ಉಳಿಯಬೇಕು. ನವಶಿಕ್ಷಿತನಿಗೆ ಅಭಯವನ್ನು ಕೊಡುವುದು ಈ ಮೂರನೆಯ ಲಕ್ಷಣ. ಅತಿಥಿಯು ತನಗೆ ಕೊಟ್ಟುದನ್ನಲ್ಲದೆ ಬೇರೊಂದನ್ನು ಮುಟ್ಟಲಾರದು.

ಮುಕ್ತ ತಂತ್ರಾಂಶದ ಚರಿತ್ರೆಯು ಸುಪರಿಚಿತವಾದುದರಿಂದ ಅದನ್ನು ಸಂಕ್ಷೇಪವಾಗಿ ಸ್ಮರಿಸಿದರೆ ಸಾಕು. ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳನ್ನು ಹೊರತಂದರು. ಇವೆರಡನ್ನೂ ಕೂಡಿಸಿ ಬಳಕೆಗೆ ಸಿದ್ಧವಾದ ವ್ಯವಸ್ಥೆಯನ್ನು ಒದಗಿಸಲು ಇಯಾನ್ ಮರ್ಡಾಕ್ ಅವರು ೧೯೯೩ರಲ್ಲಿ ಡೆಬಿಯನ್ ಯೋಜನೆಯನ್ನು ಆರಂಭಿಸಿದರು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ವರ್ಚುಯಲ್‌ಬಾಕ್ಸಿನ ಮೂಲಭಾಗವೂ ಇದೇ ಬಗೆಯದು. ಅದು ೨೦೦೭ರಲ್ಲಿ ಬೆಳಕಿಗೆ ಬಂದಿತು.

೩

ಸ್ಥಾಪನೆಗೆ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಗಳು ನಾಲ್ಕು.

ಮೊದಲನೆಯದು, ಡೆಬಿಯನ್ನಿನ ಸ್ಥಾಪನ ಕಡತವನ್ನು ತರಿಸಿಕೊಳ್ಳುವುದು. ಅದರ ಹೆಸರಿನಲ್ಲಿ 'ಎಎಂಡಿ೬೪' ಎಂಬ ಮಾತು ಇರುವುದರಿಂದ, ಇಂಟೆಲ್ ಯಂತ್ರವುಳ್ಳವರು ಇದು ತಮಗಲ್ಲವೆಂದು ಹಿಂಜರಿಯುವುದುಂಟು. ೬೪ ಬಿಟ್ಟುಗಳ ಈ ವಿನ್ಯಾಸವನ್ನು ಮೊದಲು ರೂಪಿಸಿದವರು ಎಎಂಡಿಯವರಾದುದರಿಂದ ಆ ಹೆಸರು ನಿಂತಿದೆಯೇ ಹೊರತು, ಕಡತವು ಇಬ್ಬರ ಸಂಸ್ಕಾರಕಗಳಿಗೂ ಸಲ್ಲುತ್ತದೆ. ಕಡತದೊಡನೆ ಪ್ರಕಟವಾಗಿರುವ ತಾಳೆಸಂಖ್ಯೆಯನ್ನು ನಮ್ಮ ಯಂತ್ರದಲ್ಲಿ ಲೆಕ್ಕ ಹಾಕಿದ ಸಂಖ್ಯೆಯೊಡನೆ ಹೋಲಿಸಬೇಕು. ಒಂದಕ್ಷರ ಭೇದವಾದರೂ ಕಡತವು ಅಶುದ್ಧವೆಂದೇ ತಿಳಿಯತಕ್ಕದ್ದು.

ಎರಡನೆಯದು, ಸಂಸ್ಕಾರಕದ ಸಹಾಯವನ್ನು ಪಡೆಯುವುದು. ಕಲ್ಪಿತಯಂತ್ರಗಳಿಗೆ ನೆರವಾಗುವ ವಿಶೇಷ ಸೌಕರ್ಯವು ೨೦೦೫ರಿಂದ ಇಂಟೆಲ್ ಸಂಸ್ಕಾರಕಗಳಲ್ಲಿಯೂ ಮರುವರ್ಷದಿಂದ ಎಎಂಡಿಯವುಗಳಲ್ಲಿಯೂ ಬರತೊಡಗಿತು. ಆದರೆ ಅನೇಕ ಯಂತ್ರಗಳಲ್ಲಿ ಇದನ್ನು ಆರಿಸಿಯೇ ಇಟ್ಟಿರುತ್ತಾರೆ. ಹಾಗಿದ್ದಾಗ ವರ್ಚುಯಲ್‌ಬಾಕ್ಸಿನ ಪಟ್ಟಿಯಲ್ಲಿ ೩೨ ಬಿಟ್ಟಿನ ವ್ಯವಸ್ಥೆಗಳು ಮಾತ್ರ ಕಾಣಬಹುದು. ಅಥವಾ ಯಂತ್ರವು ಪ್ರಾರಂಭವಾಗದೆ ದೋಷಸೂಚನೆ ಬರಬಹುದು. ಯಂತ್ರವನ್ನು ಚಾಲನೆಗೊಳಿಸುವಾಗ ದೊರೆಯುವ ಬಯೋಸ್ ಅಥವಾ ಯುಇಎಫ್‌ಐ ಪುಟದಲ್ಲಿ ಅದನ್ನು ಎಚ್ಚರಗೊಳಿಸಬೇಕು.

ಮೂರನೆಯದು, ಕಲ್ಪಿತಯಂತ್ರವನ್ನು ನಿರ್ಮಿಸುವುದು. ತೆರೆಯ ಮೇಲೆ ಚಿತ್ರರೂಪದಲ್ಲಿ ವ್ಯವಹರಿಸುವ ಡೆಬಿಯನ್ನಿಗೆ ೨ ಗಿಗಾಬೈಟ್ ಸ್ಮೃತಿಯೂ ೨೦ ಗಿಗಾಬೈಟ್ ಡಿಸ್ಕೂ ಅಭ್ಯಾಸದ ಮಟ್ಟಿಗೆ ಸಾಕು. ಆತಿಥೇಯದ ಸ್ಮೃತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅತಿಥಿಗೆ ಕೊಡಲಾಗದು. ಕೊಟ್ಟರೆ ಎರಡೂ ಕುಂಟುತ್ತವೆ. ಅತಿಥಿಯ ಪಾಲಿಗೆ ಡಿಸ್ಕಾಗಿರುವುದು ಆತಿಥೇಯದ ದೃಷ್ಟಿಯಲ್ಲಿ ಒಂದು ಕಡತ ಮಾತ್ರ ಎಂಬುದನ್ನು ಇಲ್ಲಿಯೇ ಮನಗಾಣಬೇಕು. ೨೦ ಗಿಗಾಬೈಟ್ ಎಂದು ಗೊತ್ತುಮಾಡಿದರೂ, ಸಾಮಾನ್ಯ ಕ್ರಮದಲ್ಲಿ ಅದು ಬರೆದಷ್ಟೇ ಬೆಳೆಯುತ್ತದೆ. ಆದರೆ ಒಳಗೆ ಅಳಿಸಿದ ಮಾತ್ರಕ್ಕೆ ತಾನಾಗಿ ಕುಗ್ಗುವುದಿಲ್ಲ.

ನಾಲ್ಕನೆಯದು, ಒಂದು ಸೌಕರ್ಯವನ್ನು ನಿರಾಕರಿಸುವುದು. ೨೦೨೨ರಲ್ಲಿ ಬಂದ ಏಳನೆಯ ಆವೃತ್ತಿಯಿಂದೀಚೆಗೆ ವರ್ಚುಯಲ್‌ಬಾಕ್ಸು ಸ್ಥಾಪನೆಯನ್ನೆಲ್ಲ ತಾನೇ ನಡೆಸಿಬಿಡಲು ಮುಂದೆ ಬರುತ್ತದೆ. ಕಲಿಯುವವನು ಇದನ್ನು ಬೇಡವೆನ್ನಬೇಕು. ಸ್ಥಾಪನ ಕಾರ್ಯಕ್ರಮವು ಕೇಳುವ ಪ್ರಶ್ನೆಗಳೇ ಪಾಠ. ಪ್ರಶ್ನೆಗಳಿಲ್ಲದೆ ಮುಗಿದ ಸ್ಥಾಪನೆಯಿಂದ ವ್ಯವಸ್ಥೆಯು ಲಭಿಸುತ್ತದೆ, ತಿಳಿವಳಿಕೆ ಲಭಿಸದು.

೪

ಯಂತ್ರವನ್ನು ಚಾಲನೆಗೊಳಿಸಿದೊಡನೆ ಭಾಷೆಯನ್ನು ಆರಿಸುವ ಪುಟ ಬರುತ್ತದೆ. ಚಿತ್ರರೂಪದ ಸ್ಥಾಪನೆಯ ಪಟ್ಟಿಯಲ್ಲಿ ಕನ್ನಡವೂ ಇರುವುದು ಸಂತೋಷದ ಸಂಗತಿ. ಸ್ಥಳ, ಕೀಲಿಮಣೆ, ಯಂತ್ರದ ಹೆಸರು ಇವು ಸುಲಭವಾದುವು. ಆ ಬಳಿಕ ರೂಟ್ ಎಂಬ ಸರ್ವಾಧಿಕಾರಿಯ ಗುಪ್ತಪದವನ್ನು ಕೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸ್ಥಳವನ್ನು ಬರಿದಾಗಿ ಬಿಟ್ಟರೆ ಸರ್ವಾಧಿಕಾರಿಯ ಖಾತೆ ಮುಚ್ಚಿಹೋಗಿ, ಮೊದಲನೆಯ ಬಳಕೆದಾರನಿಗೆ 'ಸುಡೊ' ಎಂಬ ಆಜ್ಞೆಯ ಮೂಲಕ ಆ ಅಧಿಕಾರ ದೊರೆಯುತ್ತದೆ. ತುಂಬಿದರೆ ಆ ಆಜ್ಞೆಯ ಅಧಿಕಾರ ಬಳಕೆದಾರನಿಗೆ ತಾನಾಗಿ ಬಾರದು. ಪುಸ್ತಕದಲ್ಲಿ ಹೇಳಿದಂತೆಯೇ ಆಜ್ಞೆಯನ್ನು ಬರೆದರೂ ಯಂತ್ರವು ಒಪ್ಪಲಿಲ್ಲವೆಂದು ನಮ್ಮ ವಿದ್ಯಾರ್ಥಿಗಳು ಅನೇಕ ಬಾರಿ ಬಂದು ಹೇಳಿದ್ದಾರೆ. ಕಾರಣವು ಬಹುಮಟ್ಟಿಗೆ ಇದೇ.

ಅನಂತರ ಬರುವುದು ಡಿಸ್ಕಿನ ವಿಭಜನೆ. ಮೇಲೆ ಹೇಳಿದ ಅನಾಹುತ ನಡೆದುದು ಈ ಹೆಜ್ಜೆಯಲ್ಲಿ. ಸಂಪೂರ್ಣ ಡಿಸ್ಕನ್ನು ಬಳಸುವ ಆಯ್ಕೆಯನ್ನು ಕಂಡು ಹೊಸಬನ ಕೈ ನಿಲ್ಲುವುದು ಸಹಜ, ಮಾತ್ರವಲ್ಲ, ಯುಕ್ತವೂ ಹೌದು. ಆಗ ಅವನು ಡಿಸ್ಕಿನ ಹೆಸರನ್ನು ಓದಬೇಕು. ಅಲ್ಲಿ ಕಾಣುವುದು ತನ್ನ ಲ್ಯಾಪ್‌ಟಾಪಿನ ಡಿಸ್ಕಲ್ಲ. 'ವಿಬಾಕ್ಸ್ ಹಾರ್ಡ್‌ಡಿಸ್ಕ್' ಎಂಬ ಹೆಸರು, ಅದರ ಬಳಿ ೨೧.೫ ಗಿಗಾಬೈಟ್ ಎಂಬ ಗಾತ್ರ. ಕೊಟ್ಟುದು ೨೦, ಕಾಣುವುದು ೨೧.೫ ಎಂಬ ಶಂಕೆ ಬೇಡ. ವರ್ಚುಯಲ್‌ಬಾಕ್ಸು ೧೦೨೪ರ ಮಡಿಕೆಗಳಲ್ಲಿ ಎಣಿಸುತ್ತದೆ, ಸ್ಥಾಪನ ಕಾರ್ಯಕ್ರಮವು ೧೦೦೦ದ ಮಡಿಕೆಗಳಲ್ಲಿ. ಎರಡೂ ಹೇಳುವುದು ೨೧,೪೭,೪೮,೩೬,೪೮೦ ಬೈಟುಗಳನ್ನೇ. ಹೆಸರನ್ನೂ ಗಾತ್ರವನ್ನೂ ಹೀಗೆ ಗುರುತಿಸಿದವನು, ತಾನು ಅಳಿಸಲಿರುವುದು ಆತಿಥೇಯದ ಒಂದು ಕಡತದ ಒಳಗಣ ಶೂನ್ಯವನ್ನೇ ಹೊರತು ಬೇರೇನನ್ನೂ ಅಲ್ಲವೆಂದು ನಿಶ್ಚಯವಾಗಿ ಅರಿತಿರುತ್ತಾನೆ. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ ಎಂದು ಕಾರ್ಯಕ್ರಮವು ಕಡೆಯ ಬಾರಿ ಕೇಳುವಾಗ ಅದು ತಾನಾಗಿ ಸೂಚಿಸುವ ಉತ್ತರ 'ಇಲ್ಲ' ಎಂಬುದು. ಅದನ್ನು ನಾವೇ 'ಹೌದು' ಎಂದು ಬದಲಿಸಬೇಕು. ಈ ಏರ್ಪಾಟು ಅವಸರಪಡುವವರನ್ನು ತಡೆಯುವುದಕ್ಕಾಗಿಯೇ ಇದೆ.

ತಂತ್ರಾಂಶಗಳ ಆಯ್ಕೆ ಮುಗಿದ ಮೇಲೆ, ವ್ಯವಸ್ಥೆಯನ್ನು ಎಬ್ಬಿಸುವ ಗ್ರಬ್ ಎಂಬ ಪುಟ್ಟ ಕಾರ್ಯಕ್ರಮವನ್ನು ಎಲ್ಲಿರಿಸಬೇಕೆಂದು ಕೇಳಬಹುದು. ಆಗಲೂ ಅದೇ ಕಲ್ಪಿತ ಡಿಸ್ಕನ್ನು ತೋರಿಸಬೇಕು. ಮರುಚಾಲನೆಯಾದಾಗ ಸ್ಥಾಪನೆಯ ಮೊದಲ ಪುಟವೇ ಮತ್ತೆ ಬಂದರೆ ಗಾಬರಿಯಾಗಬೇಕಿಲ್ಲ. ಸ್ಥಾಪನ ಕಡತವು ಕಲ್ಪಿತ ಸಿಡಿಯಾಗಿ ಇನ್ನೂ ಒಳಗೇ ಉಳಿದಿದೆಯೆಂದು ಅದರ ಅರ್ಥ. ಅದನ್ನು ಹೊರತೆಗೆದರೆ ಹೊಸ ವ್ಯವಸ್ಥೆ ಎದ್ದುಬರುತ್ತದೆ.

೫

ಇಷ್ಟಕ್ಕೇ ನಿಲ್ಲಿಸಿದರೆ ಕಲ್ಪಿತಯಂತ್ರದ ಪ್ರಯೋಜನದಲ್ಲಿ ಅರ್ಧ ಮಾತ್ರ ಪಡೆದಂತಾಯಿತು. ಸ್ನ್ಯಾಪ್‌ಶಾಟ್ ಎಂಬ ಸೌಕರ್ಯದಿಂದ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಕಾದಿರಿಸಿ, ಬೇಕೆಂದಾಗ ಅಲ್ಲಿಗೇ ಮರಳಬಹುದು. ಸ್ಥಾಪನೆ ಮುಗಿದೊಡನೆ ಒಂದನ್ನು ತೆಗೆದಿರಿಸಿ, ಆಮೇಲೆ ಬುದ್ಧಿಪೂರ್ವಕವಾಗಿಯೇ ತಪ್ಪು ಮಾಡಬೇಕೆಂದು ನಾವು ಸಲಹೆ ಮಾಡುತ್ತೇವೆ. ವ್ಯವಸ್ಥೆಯ ಆವಶ್ಯಕ ಕಡತವೊಂದನ್ನು ಅಳಿಸಿ ಏನಾಗುವುದೆಂದು ನೋಡಬೇಕು. ಡಿಸ್ಕನ್ನು ಬೇರೆ ರೀತಿಯಲ್ಲಿ ವಿಭಜಿಸಿ ನೋಡಬೇಕು. ಕೆಟ್ಟ ಯಂತ್ರವು ಹೇಗೆ ಕಾಣುತ್ತದೆಂಬುದನ್ನು ಒಮ್ಮೆ ನೋಡಿದವನು ಮುಂದೆ ನಿಜಯಂತ್ರದಲ್ಲಿ ಅದೇ ಲಕ್ಷಣವನ್ನು ಕಂಡಾಗ ದಿಕ್ಕುಗೆಡುವುದಿಲ್ಲ.

ಆದರೆ ಈ ಅಭಯಕ್ಕೂ ಮೇರೆಗಳುಂಟು. ಆತಿಥೇಯದ ಯಾವುದಾದರೂ ಕಡತಕೋಶವನ್ನು ಅತಿಥಿಯೊಡನೆ ಹಂಚಿಕೊಂಡಿದ್ದರೆ, ಅತಿಥಿಯಲ್ಲಿ ಅಳಿಸಿದುದು ಆತಿಥೇಯದಲ್ಲಿಯೂ ಅಳಿಯುತ್ತದೆ. ಗೋಡೆಯಲ್ಲಿ ಬಾಗಿಲನ್ನು ತೆರೆದವರು ನಾವೇ ಎಂಬುದನ್ನು ಮರೆಯಲಾಗದು. ಸ್ನ್ಯಾಪ್‌ಶಾಟನ್ನು ಸುರಕ್ಷಿತ ಪ್ರತಿಯೆಂದು ಭ್ರಮಿಸಲೂ ಕೂಡದು. ಅದು ಇರುವುದು ಅದೇ ನಿಜವಾದ ಡಿಸ್ಕಿನಲ್ಲಿ, ಆ ಡಿಸ್ಕು ಹೋದರೆ ಎಲ್ಲವೂ ಹೋಯಿತು.

ಧ್ವನಿಮುದ್ರಣಗಳು ನಷ್ಟವಾದ ಮೇಲೆ ನಮ್ಮ ವಿಭಾಗದಲ್ಲಿ ಒಂದು ಕ್ರಮವನ್ನು ಅನುಸರಿಸುತ್ತಿದ್ದೇವೆ. ನಿಜಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಬಯಸುವವರು ಮೊದಲು ಕಲ್ಪಿತಯಂತ್ರದಲ್ಲಿ ಮೂರು ಬಾರಿ ಸ್ಥಾಪಿಸಬೇಕು: ಒಮ್ಮೆ ಟಿಪ್ಪಣಿಯನ್ನು ನೋಡಿಕೊಂಡು, ಒಮ್ಮೆ ಬೇಕೆಂದೇ ತಪ್ಪುಮಾಡಿ, ಒಮ್ಮೆ ಟಿಪ್ಪಣಿಯಿಲ್ಲದೆ. ಡಿಸ್ಕಿನ ಪುಟ ಬಂದಾಗಲೆಲ್ಲ ಅದರ ಹೆಸರನ್ನೂ ಗಾತ್ರವನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆ ತಮ್ಮ ಸಂಗ್ರಹದ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿರಿಸಿ, ಅದನ್ನು ತೆರೆದು ತೋರಿಸಬೇಕು. ಈ ಅಭ್ಯಾಸವನ್ನು ಈಗ ನಮ್ಮಲ್ಲಿ ನಡೆಸಿಕೊಡುತ್ತಿರುವವರು, ಅಂದು ತಮ್ಮ ಎರಡು ವರ್ಷದ ದುಡಿಮೆಯನ್ನು ಕಳೆದುಕೊಂಡ ಆ ವಿದ್ಯಾರ್ಥಿಯೇ ಆಗಿದ್ದಾರೆ.