ಬುತ್ತಿ ಕಟ್ಟುವವಳಿಗೂ ರಜೆ ಬೇಕು

ಬೇಸಿಗೆ ರಜೆ ಬಂತೆಂದರೆ ನಮ್ಮ ತೇರದಾಳದ ಮನೆಗಳಲ್ಲೂ ಪ್ರವಾಸದ ಮಾತು ಏಳುತ್ತದೆ. ಮಗ್ಗದ ಸದ್ದಿನಲ್ಲೇ ಹಗಲು ಕಳೆಯುವ ಪತಿ, ಕಂಡಿಕೆ ಸುತ್ತುತ್ತಲೇ ಅಡುಗೆ ಮುಗಿಸುವ ಪತ್ನಿ. ಇವರಿಬ್ಬರೂ ನೆಮ್ಮದಿಯಾಗಿ ನಾಲ್ಕು ಮಾತಾಡಿ ಎಷ್ಟು ದಿನವಾಯಿತು? ಪ್ರವಾಸವೆಂದರೆ ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವ ಮುನ್ನ ತುಸು ಯೋಚಿಸಿ.

ಅಮೆರಿಕದ ಮನಃಶಾಸ್ತ್ರಜ್ಞ ಆರ್ಥರ್ ಏರನ್ ಮತ್ತು ಸಂಗಡಿಗರ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹೊಸತನವಿರುವ ಚಟುವಟಿಕೆಯಲ್ಲಿ ಜೊತೆಯಾಗಿ ತೊಡಗಿದ ದಂಪತಿಗಳಿಗೆ ತಮ್ಮ ಸಂಬಂಧದ ಬಗ್ಗೆ ತೃಪ್ತಿ ಹೆಚ್ಚಿದ್ದು ಅದರಲ್ಲಿ ಕಂಡುಬಂತು. ಆದರೆ 2010ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್‌ನ 1,530 ಮಂದಿಯ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಪ್ರವಾಸದಿಂದ ಮರಳಿದ ಮೇಲೂ ಹೆಚ್ಚಿನ ಸಂತೋಷ ಕಂಡುಬಂದದ್ದು, ತೀರಾ ನಿರಾಳವಾಗಿ ಪ್ರವಾಸ ಮಾಡಿ ಬಂದವರಲ್ಲಿ ಮಾತ್ರ.

ಹಾಗಾದರೆ ನಮ್ಮ ಪ್ರವಾಸಗಳಲ್ಲಿ ನಿರಾಳವಾಗಿರುವವರು ಯಾರು?

ನನ್ನದೇ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬಂಧುಗಳೊಡನೆ ವಿಜಯಪುರಕ್ಕೆ ಹೋಗಿದ್ದೆವು. ನನ್ನ ಪತ್ನಿ ನಸುಕಿನಲ್ಲೆದ್ದು ಎಲ್ಲರಿಗೂ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಕಟ್ಟಿದ್ದಳು. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಮೇಲೇರಿ ನಾನು ಮಕ್ಕಳಿಗೆ ಪಿಸುಮಾತಿನ ಗ್ಯಾಲರಿ ತೋರಿಸಿದೆ. ಈ ಬದಿಯ ಪಿಸುಮಾತು ಆ ಬದಿಗೆ ಸ್ಪಷ್ಟವಾಗಿ ಕೇಳಿಸಿತು. ಮನೆಗೆ ಮರಳಿ, "ಹೇಗಿತ್ತು?" ಎಂದು ಕೇಳಿದರೆ ಅವಳೆಂದಳು: "ಗುಮ್ಮಟ ನೀವು ನೋಡಿದ್ರಿ. ನಾ ಕೆಳಗ ಚೀಲ ಕಾದೆ."

ಆ ಮಾತು ಇಂದಿಗೂ ಚುಚ್ಚುತ್ತದೆ.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಪ್ರಯಾಣದಲ್ಲಿ ಸಂಗಾತಿಗಳನ್ನು ಮುಂದೆ ಕಳುಹಿಸಿ, ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಆಯಿಶಾ(ರ) ಗೆದ್ದರು. ಕೆಲಕಾಲದ ನಂತರ ಇನ್ನೊಂದು ಪ್ರಯಾಣದಲ್ಲಿ ಪ್ರವಾದಿ(ಸ) ಗೆದ್ದು, ಅಂದಿನ ಸೋಲಿಗೆ ಇದು ಬದಲಿ ಎಂದು ನಕ್ಕರು. ಪತ್ನಿಗಾಗಿ ಬಿಡುವು ಮಾಡಿಕೊಳ್ಳುವುದು ಗಂಡಸಿನ ಘನತೆಗೆ ಕುಂದಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಸಾಲ ಮಾಡಿ ದೂರ ಹೋಗಬೇಕಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಗೋಕಾಕ ಜಲಪಾತವಿದೆ, ಆಲಮಟ್ಟಿಯಿದೆ. ಎಲ್ಲಿಗೆ ಹೋಗಬೇಕೆಂದು ಅವಳನ್ನೇ ಕೇಳಿ. ಅಂದು ಬುತ್ತಿ ಬೇಡ, ಖಾನಾವಳಿಯಲ್ಲಿ ಊಟವಾಗಲಿ. ಮೊಬೈಲ್ ಕಿಸೆಯಲ್ಲಿರಲಿ.

ಮರುವರ್ಷ ನಾವಿಬ್ಬರೇ ಮತ್ತೆ ವಿಜಯಪುರಕ್ಕೆ ಹೋದೆವು. ಸುಲ್ತಾನ ಎರಡನೇ ಇಬ್ರಾಹೀಮ್ ಆದಿಲ್‌ಶಾಹ್ ಮತ್ತು ರಾಣಿ ತಾಜ್ ಸುಲ್ತಾನಾ ಒಂದೇ ಸೂರಿನಡಿ ಮಲಗಿರುವ ಇಬ್ರಾಹೀಮ್ ರೋಜಾದ ನೆರಳಲ್ಲಿ ಅವಳು ತುಂಬ ಹೊತ್ತು ಮಾತಾಡಿದಳು. ಚೀಲ ನನ್ನ ಕೈಯಲ್ಲಿತ್ತು.

ಓದುಗರೇ, ನಿಮ್ಮ ಮನೆಯ ಚೀಲ ಈ ಸಲ ಯಾರ ಕೈಯಲ್ಲಿರುತ್ತದೆ?